ನಡುಗದ ಕೈ

ರೋಸ್ ಕಂಪನಿಯ ಮ್ಯಾನೇಜರ್ ಯತಿರಾಜ್ ನಿನ್ನೆ ಫೋನಿನ ವಿಡಿಯೋ ನೋಡಿ ಹೇಳಿದ ಮಾತು ಇವತ್ತು ಬೆಳಿಗ್ಗೆ ಹತ್ತೂವರೆಯಾದರೂ ಮಾಧವಿಯ ತಲೆಯೊಳಗೆ ಅದೇ ದನಿಯಲ್ಲಿ, ಅದೇ ನಗುವಿನ ಸಮೇತ ಕೂತಿತ್ತು: “ಎನ್ನಮ್ಮಾ ಇದು, ಗೇಮ್ ಥರಾ ಇದೆ!” ಅವಳೆದುರಿನ ಪರದೆಯ ಮೇಲೆ ಇದ್ದದ್ದು ನಿಜವಾಗಿಯೂ ಒಂದು ಗೇಮ್. ಯಾವುದೋ ದೇಶದ ಪೊಲೀಸನೊಬ್ಬ ಎದೆಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಪಾಳು ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದ. ಪೊಲೀಸನೂ ಇರಲಿಲ್ಲ, ಕಟ್ಟಡವೂ ಇರಲಿಲ್ಲ, ಕ್ಯಾಮೆರಾ ಅಂತೂ ಇರಲೇ ಇಲ್ಲ; ಆ ಇಲ್ಲದ ಕ್ಯಾಮೆರಾದ ಗಾಜಿನ ಮೇಲೆ ಯಾರದೋ ಎಣ್ಣೆಬೆರಳಿನ ಗುರುತು ಮೂಡಿಸುವುದು ಅವಳ ಇವತ್ತಿನ ಕೆಲಸ. ತಮಿಳುನಾಡಿನ ಗಡಿಯ ಹೊಸೂರಿನಲ್ಲಿ, ಬಾಗಲೂರು ರಸ್ತೆಯ ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕಿರಣ್‌ಕುಮಾರ್ ನಡೆಸುತ್ತಿದ್ದ ಈ ಪುಟ್ಟ ಆಫೀಸಿಗೆ ಹೊರದೇಶದ ಗೇಮ್ ಕಂಪನಿಗಳಿಂದ ಚಿತ್ರಗಳು ಬರುತ್ತಿದ್ದವು. ಅವು ತೀರಾ ಚೊಕ್ಕವಾಗಿರುತ್ತಿದ್ದವು. ಅವುಗಳಿಗೆ ಮರಳಿನಂಥ ಕಾಳು ಉದುರಿಸಿ, ಕತ್ತಲಿಂದ ಬಿಸಿಲಿಗೆ ಬಂದಾಗ ಅಗ್ಗದ ಕ್ಯಾಮೆರಾ ಒಂದು ಗಳಿಗೆ ಕಣ್ಣು ಕತ್ತಲೆ ಬಂದವರಂತೆ ತಡವರಿಸುವುದನ್ನು ಸೇರಿಸಿ, ಮೂಲೆಯಲ್ಲಿ ತಾರೀಖು ಕೂರಿಸಿ, ಕೈನಡುಕ ಹಾಕಿ, ಯಾರೋ ನಿಜವಾದ ಮನುಷ್ಯ ನಿಜವಾದ ಕ್ಯಾಮೆರಾದಲ್ಲಿ ಹಿಡಿದದ್ದು ಎನ್ನುವಂತೆ ಮಾಡಿ ಕಳಿಸಬೇಕು. ಇದಕ್ಕೆಲ್ಲ ಸೇರಿ ಆಫೀಸಿನಲ್ಲಿ ಇದ್ದದ್ದು ಒಂದೇ ಹೆಸರು, ಕೊಳೆ. “ಗೇಮು ಮನೇಲಿ ಸ್ನಾನ ಮಾಡ್ಕೊಂಡು, ಪೌಡ್ರು ಬಳ್ಕೊಂಡು ಬತ್ತದೆ ಕಣ್ರಪ್ಪಾ. ಅದನ್ನ ಬೀದೀಲಿ ಹೊರಳಾಡ್ಸಿ ಕಳ್ಸೋದು ನಮ್ ಕೆಲ್ಸ” ಎಂದು ಕಿರಣ್‌ಕುಮಾರ್ ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದ. ಎರಡು ವರ್ಷದಿಂದ ಈ ಮಾತಿಗೆ ಮಾಧವಿ ಒಳಗೊಳಗೇ ಹೆಮ್ಮೆ ಪಡುತ್ತ ಬಂದಿದ್ದಳು. ಅವಳಷ್ಟು ಸಣ್ಣಗೆ, ಅವಳಷ್ಟು ಹಿತಮಿತವಾಗಿ ಕೊಳೆ ಹಾಕುವವರು ಹೊಸೂರಿನಲ್ಲಿ ಮತ್ತೊಬ್ಬರಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳಿಕೊಳ್ಳುವ ಧೈರ್ಯ ಮಾತ್ರ ಇರಲಿಲ್ಲ.

ಅದೇ ಹೆಮ್ಮೆಯ ಕೆಲಸವನ್ನು ನಿನ್ನೆ ಯತಿರಾಜ್ ಅವಳ ಮುಖಕ್ಕೇ ಬಳಿದಿದ್ದ. “ಏನ್ ಕೆಲಸ ಮಾಡ್ತೀಯಮ್ಮ ನೀನು?” ಎಂದು ಕೇಳಿದ್ದ. ಸುಳ್ಳು ಹೇಳಲು ಬಾರದೆ, ನಿಜವನ್ನು ಎಷ್ಟು ಚಿಕ್ಕದಾಗಿ ಹೇಳಬಹುದೋ ಅಷ್ಟು ಚಿಕ್ಕದಾಗಿ ಅವಳು ಹೇಳಿದ್ದಳು. ಆಗ ನಕ್ಕದ್ದು ಅವನು. ಮೇಜಿನ ಆಚೆ ಬದಿಯಲ್ಲಿ ಕೂತಿದ್ದ ವೆಂಕಟರಮಣಪ್ಪನವರ ಕಡೆ ಪೂರ್ತಿ ತಿರುಗಿ, ಕೈಯಲ್ಲಿ ಅವಳ ಫೋನನ್ನು ಎತ್ತಿ ಹಿಡಿದು, “ನೋಡಿ ಸಾರ್, ಗೇಮನ್ನ ನಿಜ ಮಾಡೋದೇ ಇವರ ತೊಳಿಲ್, ಇವರ ಕೆಲಸ ಅಂತೆ. ಇನ್ನು ನಾನೇನ್ ಹೇಳ್ಲಿ” ಎಂದಿದ್ದ. ವೆಂಕಟರಮಣಪ್ಪ ಕಾರ್ಮಿಕರ ತಕರಾರುಗಳನ್ನೇ ನೋಡಿಕೊಂಡು ಯಾವುದೋ ಆಫೀಸಿನಲ್ಲಿ ರಿಟೈರಾದವರು. ಈಗ ಇಂಥ ಕಂಪನಿಗಳು ಕರೆದಾಗ ವಿಚಾರಣೆಗೆ ಬಂದು ಕೂರುತ್ತಿದ್ದರು. ಅವರು ನಕ್ಕಿರಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕನ್ನಡಕ ಮೇಲೇರಿಸಿ ಒಂದು ನಿಮಿಷ ನಲವತ್ತು ಸೆಕೆಂಡಿನ ಆ ವಿಡಿಯೋವನ್ನು ಮತ್ತೊಮ್ಮೆ ನೋಡಿ, ಪಾಠ ಬಾರದ ಮಗುವನ್ನು ಕೇಳುವ ಮೇಷ್ಟರ ಹಾಗೆ ಮೆಲ್ಲಗೆ ಕೇಳಿದ್ದರು: “ಅಲ್ಲ ತಾಯಿ, ಅಲ್ಲಿ ಬೀಳ್ತಿರೋದು ನಿನ್ನ ಹೆತ್ತಮ್ಮ ಅಂತೀಯ. ನಿನ್ನ ಕೈ ಒಂದು ಚೂರೂ ಅಲ್ಲಾಡಿಲ್ಲವಲ್ಲ. ಹೆಂಗಮ್ಮ?” ತಾರೀಖು, ಸಮಯ ಎಲ್ಲ ಫೋನಿನಲ್ಲೇ ಇದೆ ನೋಡಿ ಸಾರ್ ಎಂದು ಅವಳು ಗಂಟಲೊಳಗೆ ಅಂದದ್ದಕ್ಕೆ ಯತಿರಾಜ್, “ತಾರೀಖು ಹಾಕೋದೂ ನೀವೇ ತಾನೇ?” ಎಂದ. ಅದೂ ನಿಜವೇ. ಇವತ್ತು ಬೆಳಿಗ್ಗೆಯೇ ಅವಳು ಒಂದು ಹಾಕಿದ್ದಳು.

ಹೆಂಗಮ್ಮ. ಈ ಪ್ರಶ್ನೆಗೆ ಉತ್ತರ ಆ ಶನಿವಾರದ ಬಿಸಿಲಿನಲ್ಲಿತ್ತು. ಫೆಬ್ರವರಿ ಮೊದಲ ವಾರ. ಹದಿನಾಲ್ಕನೇ ತಾರೀಖಿನ ಪ್ರೇಮಿಗಳ ದಿನಕ್ಕೆ ಹೊರದೇಶಕ್ಕೆ ಗುಲಾಬಿ ಹೋಗಬೇಕು, ರೋಸ್ ಕಂಪನಿಯಲ್ಲಿ ಹೂ ಕುಯ್ಯುವ ಅಮ್ಮನಿಗೆ ವಾರವಿಡೀ ಓವರ್‌ಟೈಮು. ಮಧ್ಯಾಹ್ನ ಬುತ್ತಿ ಕೊಡಲು ಹೋದ ಮಾಧವಿ ಗುಲಾಬಿ ಬೆಳೆಯುವ ಪಾಲಿಹೌಸಿನ ಹೊರಗೆ ನಿಂತಿದ್ದಳು. ಪ್ಲಾಸ್ಟಿಕ್ ಗೋಡೆಯ ಒಂದು ಪಟ್ಟಿಯನ್ನು ಗಾಳಿಗೆಂದು ಸುತ್ತಿ ಮೇಲೆತ್ತಿದ್ದರು. ಆ ಸಂದಿಯಿಂದ ಒಳಗೆ ನೋಡಿದವಳು ಬಂದ ಕೆಲಸವನ್ನೇ ಮರೆತಳು. ಹಾಲಿನಂಥ ಬೆಳಕು. ಯಾವುದಕ್ಕೂ ನೆರಳಿಲ್ಲ. ಒಂದೇ ಎತ್ತರದ ಗಿಡಗಳ ಸಾಲು, ಅದರ ಪಕ್ಕ ಅಂಥದ್ದೇ ಸಾಲು, ಒಂದೇ ಬಣ್ಣದ ಮೊಗ್ಗುಗಳು, ನಡುವೆ ನೀಲಿ ಕೋಟು, ನೀಲಿ ಟೋಪಿ, ಬಾಯಿಗೆ ಬಟ್ಟೆ ಕಟ್ಟಿದ, ಒಬ್ಬರಂತೆ ಒಬ್ಬರು ಇರುವ ಹೆಂಗಸರು. ದೇವರು ಒಂದನ್ನು ಮಾಡಿ ಉಳಿದದ್ದನ್ನೆಲ್ಲ ನಕಲು ತೆಗೆದು ಅಂಟಿಸಿದ ಹಾಗೆ. ಇದನ್ನು ಕಿರಣ್‌ಗೆ ತೋರಿಸಬೇಕು, ನಿಜವೇ ಗೇಮಿನ ಹಾಗೆ ಕಾಣುವ ಜಾಗವೊಂದಿದೆ ಎಂದು ಹೇಳಬೇಕು ಎಂದುಕೊಂಡು ಫೋನು ತೆಗೆದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು ವಿಡಿಯೋ ಹಿಡಿದಳು. ಹಾಗೆ ಹಿಡಿಯುವುದು ಅವಳಿಗೆ ಅಭ್ಯಾಸ. ಸ್ಕೂಲಿನಲ್ಲಿ ತಮಿಳು ಪಾಠವನ್ನು ಎದ್ದು ನಿಂತು ಓದು ಎಂದರೆ ದನಿ ನಡುಗಿ, ಹಿಂದಿನ ಬೆಂಚಿನವರು ಆಡು ಕೂಗಿದ ಹಾಗೆ ಕೂಗಿ, ಟೀಚರ್ ಕೂಡ ತುಟಿ ಕಚ್ಚಿ ನಗು ತಡೆದಿದ್ದರು. ಆದರೆ ಅದೇ ಹುಡುಗಿ ಬಾಗಿಲ ಮುಂದೆ ರಂಗೋಲಿಯ ಎಳೆ ಎಳೆದರೆ ದಾರ ಹಿಡಿದು ಎಳೆದ ಹಾಗೆ ಇರುತ್ತಿತ್ತು. ದನಿ ಯಾವತ್ತೂ ಅವಳ ಮಾತು ಕೇಳಲಿಲ್ಲ; ಕೈ ಯಾವತ್ತೂ ಮೀರಲಿಲ್ಲ. ಆ ಕೈ ಹಿಡಿದ ಚೌಕಟ್ಟಿನೊಳಗೆ ಬೆನ್ನಿಗೆ ಡ್ರಮ್ಮು ಹೊತ್ತ ಇಬ್ಬರು ಗಂಡಸರು ಬಂದರು, ಹೆಂಗಸರು ಒಳಗಿರುವಾಗಲೇ ಹುಳದ ಮದ್ದು ಹೊಡೆಯಲು ಶುರು ಮಾಡಿದರು. ಬಿಳಿ ಬೆಳಕಿನೊಳಗೆ ಇನ್ನೊಂದು ಬಿಳಿ ಹರಡಿತು. ಒಂದು ನೀಲಿ ಕೋಟು ಸಾಲಿನ ನಡುವೆ ಬಗ್ಗಿತು, ಕೂತಿತು, ಪಕ್ಕಕ್ಕೆ ವಾಲಿ ಬಿತ್ತು. ಇನ್ನಿಬ್ಬರು ಓಡಿಬಂದು ಎತ್ತಿಕೊಂಡು ಹೋದರು. ಕೊನೆಗೆ, ಎಲ್ಲ ಮುಗಿದ ಮೇಲೆ, ಒಬ್ಬ ಬಂದು ಬಾಗಿಲ ಕಂಬಕ್ಕೆ ಕೆಂಪು ಬಾವುಟ ಸಿಕ್ಕಿಸಿದ. ಮದ್ದು ಹೊಡೆಯುವ ಮೊದಲು ಎಲ್ಲರನ್ನೂ ಹೊರಗೆ ಕಳಿಸಿ ಸಿಕ್ಕಿಸಬೇಕಾದ ಬಾವುಟ ಅದು. ಒಂದು ನಿಮಿಷ ನಲವತ್ತು ಸೆಕೆಂಡು. ಬಿದ್ದ ನೀಲಿ ಕೋಟಿನೊಳಗೆ ಅಮ್ಮ ಇದ್ದಳು.

ಅದನ್ನು ಅವಳು ಯಾವಾಗ ತಿಳಿದಳು? ಎತ್ತಿಕೊಂಡು ಹೋಗುವಾಗ ಟೋಪಿ ಜಾರಿ ಅಮ್ಮನ ಜಡೆ ಕಂಡಿತ್ತು, ಅದು ವಿಡಿಯೋದಲ್ಲೂ ಇದೆ. ಆಮೇಲೂ ಇಪ್ಪತ್ತು ಸೆಕೆಂಡು ಫೋನು ಅಲ್ಲಾಡದೆ ನಿಂತಿದೆ. ಆ ಇಪ್ಪತ್ತು ಸೆಕೆಂಡಿನಲ್ಲಿ ತಾನು ಏನಾಗಿದ್ದೆ, ಮಗಳಾಗಿದ್ದೆನೋ ಬರೀ ಕೈಯಾಗಿದ್ದೆನೋ ಎಂದು ಮಾಧವಿಗೆ ಈಗಲೂ ತಿಳಿಯದು. ಯತಿರಾಜನ ನಗುವಿನ ಮೇಲೆ ಅವಳಿಗಿದ್ದ ಸಿಟ್ಟು ಸುಲಭದ ಸಿಟ್ಟು, ಹಿಡಿದುಕೊಳ್ಳಲು ಹಿಡಿಕೆ ಇರುವಂಥದ್ದು. ವೆಂಕಟರಮಣಪ್ಪನವರ ಮೇಲಿನದು ಹಾಗಲ್ಲ. ಆ ಮುದುಕ ಕೇಳಿದ ಪ್ರಶ್ನೆಯನ್ನೇ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತನ್ನನ್ನು ತಾನು ಕೇಳಿಕೊಂಡಿದ್ದಳು. ಅದು ತನ್ನ ಪ್ರಶ್ನೆ. ಅದನ್ನು ಕಂಪನಿಯ ಪರವಾಗಿ ಎತ್ತಿ ಮೇಜಿನ ಮೇಲಿಡಲು ಅವರು ಯಾರು?

ಕಂಪನಿ ಹೇಳುವುದು ಬೇರೆ. ಬಾವುಟ ಮೊದಲೇ ಹಾಕಿತ್ತು, ಮಾಧವಿಯ ಅಮ್ಮ ಇಂದ್ರಮ್ಮ ಓವರ್‌ಟೈಮಿನ ಆಸೆಗೆ ನಿಯಮ ಮೀರಿ ತಾನಾಗಿ ಒಳಗೆ ನುಗ್ಗಿದಳು, ಬಿಸಿಲಿಗೆ ತಲೆ ಸುತ್ತಿ ಬಿದ್ದಳು. ಹಾಗೆಂದು ತಮಿಳಿನಲ್ಲಿ ಟೈಪು ಮಾಡಿದ ಒಂದು ಕ್ಷಮಾಪಣೆಯ ಕಾಗದ. ಅದರ ಕೆಳಗೆ ಇಂದ್ರಮ್ಮ ಸಹಿ ಹಾಕಿದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಹನ್ನೊಂದು ವರ್ಷದ ಕೆಲಸ ಹೋಗುತ್ತದೆ. ಮಾಲೂರಿನ ಕಡೆಯಿಂದ ಬಂದ ಇಂದ್ರಮ್ಮನಿಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬಾರದು. ಮನೆಯಲ್ಲಿ ಮಾಧವಿಯೇ ಓದಿ ಹೇಳಿದ್ದಳು. ‘ಎನ್ನುಡೈಯ ತವರು’, ಇದು ನನ್ನದೇ ತಪ್ಪು, ಎಂಬಲ್ಲಿಗೆ ಬಂದಾಗ ಅವಳ ದನಿ ಹಿಂದಿನ ಹಾಗೆಯೇ ನಡುಗಿತ್ತು. ಅಂದು ಎತ್ತಿಕೊಂಡು ಹೋದ ಇಬ್ಬರಲ್ಲಿ ಒಬ್ಬಳಾದ ಮುನಿರತ್ನಮ್ಮ ಆಲಸನತ್ತದಲ್ಲಿ ಇವರ ಮನೆಯಿರುವ ಬೀದಿಯವಳೇ, ಸಾಕ್ಷಿ ಕೇಳಲು ಹೋದರೆ ಬಾಗಿಲಲ್ಲೇ ನಿಂತು, “ನಾನ್ ತಲೆ ಬಗ್ಸಿ ಹೂವ ಕುಯ್ತಿದ್ನವ್ವ, ಬಾವ್ಟ ಗೀವ್ಟ ನೋಡಿಲ್ಲ. ನಂಗೂ ಮಕ್ಳವೆ” ಎಂದು ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದ್ದಳು. ಆ ಮಜ್ಜಿಗೆಯನ್ನು ತಾನು ಬೇಡವೆನ್ನಲಾಗದೆ ಪೂರ್ತಿ ಕುಡಿದದ್ದು ಮಾಧವಿಗೆ ಇನ್ನೂ ಹೊಟ್ಟೆಯಲ್ಲಿ ಉರಿಯುತ್ತಿತ್ತು.

“ಹಾಕ್ಬುಡು ಅತ್ಲಾಗೆ” ಎಂದಿದ್ದ ಅಪ್ಪ ಮುನಿಯಪ್ಪ, ಲಾರಿ ಫ್ಯಾಕ್ಟರಿಯ ಬೆಳಗಿನ ಪಾಳಿಗೆ ಶೂ ಕಟ್ಟುತ್ತ. “ಒಂದ್ ಸೈನು. ಏನ್ ಗಂಟ್ ಹೋಗ್ತದೆ? ನಾವೇನ್ ಇಲ್ಲಿ ಹುಟ್ಟಿ ಬೆಳ್ದೋರಾ, ಅವ್ರ ಕೂಡೆ ನಿಂತ್ಕೊಂಡು ಲಾ ಮಾತಾಡಕ್ಕೆ?”

“ಗಂಟ್ ಹೋಗಲ್ಲ” ಎಂದಿದ್ದಳು ಅಮ್ಮ, ಒಲೆಯ ಮುಂದಿಂದ ತಿರುಗದೆ. “ಹನ್ನೊಂದ್ ವರ್ಷ ಒಂದ್ ಮೊಗ್ಗು ಮುರ್ದಿಲ್ಲ ನಾನು. ನುಗ್ದೋಳು ಅಂತ ಬರಸ್ಕೊಂಡು ಆ ಹೆಂಗಸ್ರ ಮಧ್ಯ ಹೆಂಗ್ ನಿಂತ್ಕಳ್ಳಿ? ನೀನ್ ಹಾಕ್ತೀಯಾ, ಕಳ್ಳ ಅಂತ ಬರ್ಕೊಟ್ರೆ?”

ಹಾಗೆ ಹೇಳುವಾಗ ಅವಳು ಬಲಗೈಯನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದಳು. ಆಸ್ಪತ್ರೆಯಿಂದ ಬಂದಾಗಿನಿಂದ ಆ ಕೈ ನಡುಗುತ್ತಿತ್ತು. ಎಡಗೈಯೂ ಅಷ್ಟಿಷ್ಟು, ಬಲಗೈ ಮಾತ್ರ ಬಿಡುವಿಲ್ಲದೆ. ಮದ್ದಿನಿಂದಲೇ, ಹೋದರೂ ಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದರು ಡಾಕ್ಟರು. ಇದನ್ನು ಕಂಪನಿಯವರ ಮುಂದೆ ಉಸುರಕೂಡದು ಎಂದು ಇಂದ್ರಮ್ಮ ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದಳು. ನಡುಗುವ ಕೈಗೆ ಕತ್ತರಿ ಕೊಡುವವರು ಯಾರು? ನಿನ್ನೆಯ ವಿಚಾರಣೆ ಮುಗಿಯುವ ತನಕ ಅವಳು ಕೈಯನ್ನು ಮಡಿಲಲ್ಲಿಟ್ಟು ಅದರ ಮೇಲೆ ಚೀಲವಿಟ್ಟುಕೊಂಡು, ಸ್ಕೂಲಿನ ಗ್ರೂಪ್ ಫೋಟೋದಲ್ಲಿ ಕೂತವರ ಹಾಗೆ ನೆಟ್ಟಗೆ ಕೂತಿದ್ದಳು. ಸೋಮವಾರ ಹನ್ನೊಂದು ಗಂಟೆಗೆ ಮತ್ತೆ ಬನ್ನಿ, ಇದೇ ಕೊನೆ ಎಂದಿದ್ದರು.

ಊಟದ ಹೊತ್ತಿಗೆ ಕಿರಣ್‌ಕುಮಾರ್ ಕುರ್ಚಿ ಎಳೆದುಕೊಂಡು ಬಂದು ಪಕ್ಕ ಕೂತ. “ಏನ್ ಮಾಧವಿ, ಬೆಳಗಿಂದ ಒಂದ್ ಬೆರಳು ಒರೆಸ್ತಿದ್ದೀಯ? ಆ ಪೊಲೀಸಿಗೆ ಪಾಪ ಕೈ ತೊಳಿಯಕ್ಕೂ ಬಿಡಲ್ವಾ?” ಅವಳು ನಗಲಿಲ್ಲ. ವಿಡಿಯೋ ತೋರಿಸಿ ನಿನ್ನೆ ನಡೆದದ್ದನ್ನು ಹೇಳಿದಳು. ಅವನು ಎರಡು ಸಲ ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಮರುಕವಲ್ಲ, ಮೆಚ್ಚುಗೆ. ಅದನ್ನು ಅವನು ತಕ್ಷಣ ಮುಚ್ಚಿಕೊಂಡರೂ ಅವಳು ಕಂಡಳು. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಆ ಶನಿವಾರ ತನ್ನ ಮುಖದಲ್ಲೂ ಇದೇ ಇದ್ದಿರಬೇಕು ಅನ್ನಿಸಿ ಕಣ್ಣು ಕೆಳಗೆ ಹಾಕಿದಳು.

“ಬೈಕೋಬೇಡ, ಅವ್ನು ಹೇಳಿದ್ರಲ್ಲಿ ತಪ್ಪಿಲ್ಲ” ಎಂದ ಕಿರಣ್. “ನೆರಳಿಲ್ಲ, ಶೇಕ್ ಇಲ್ಲ, ಎಲ್ರೂ ಒಂದೇ ಥರ. ಕ್ಲೈಂಟು ಇದನ್ನ ಕಳ್ಸಿದ್ರೆ ನಾನೇ ಕೊಳೆ ಸಾಲ್ದು ಅಂತಿದ್ದೆ.”

“ಇದು ನಡ್ದಿದ್ದು.”

“ನಡ್ದಿದ್ದು ಅಂತ ನಂಗೂ ನಿಂಗೂ ಗೊತ್ತು. ಅವ್ರಿಗೆ ನಿಜ ಹೆಂಗಿರ್ತದೆ ಅಂತ ಗೊತ್ತಿಲ್ಲ ಕಣೇ, ಫೋನ್ ವಿಡಿಯೋ ಹೆಂಗಿರ್ತದೆ ಅಂತ ಮಾತ್ರ ಗೊತ್ತು. ಹಾಕು. ಕಾಳು ಹಾಕು, ಶೇಕ್ ಹಾಕು. ಮೊನ್ನೆ ತೋರ್ಸಿದ್ದು ಫೋನೇ ನಡುಕ ತೆಗ್ದು ಸರಿ ಮಾಡಿದ್ದು, ಇದು ಮೂಲ ಅನ್ನು. ಯಾವ ಸೀಮೆ ಸುಳ್ಳು ಅದು? ಒಳಗಿರೋದೆಲ್ಲ ನಿಜಾನೇ ತಾನೆ?”

ಒಳಗಿರೋದೆಲ್ಲ ನಿಜ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವಳು ಇದನ್ನು ಅಗಿದಳು. ನಿಜಕ್ಕೆ ಇವರ ಮುಂದೆ ನಿಲ್ಲುವ ಯೋಗ್ಯತೆ ಇಲ್ಲ, ಅದು ಮೊದಲು ಹೋಗಿ ಹೆದರಿದ ಹೆಣ್ಣಿನ ವೇಷ ಹಾಕಿಕೊಂಡು ಬರಬೇಕು. ಹೆಣ್ಣು ನಡುಗಬೇಕು, ಕೂಗಬೇಕು, ಫೋನು ಕೈ ಜಾರಬೇಕು. ಆಗ ಇವರಿಗೆ ಕನಿಕರ ಹುಟ್ಟುತ್ತದೆ, ಕನಿಕರ ಹುಟ್ಟಿದ ಮೇಲೆ ನಂಬಿಕೆ. ಇಡೀ ಬದುಕಿನಲ್ಲಿ ಒಂದೇ ಒಂದು ವಿಷಯದಲ್ಲಿ ಅವಳು ಗಟ್ಟಿ ಇದ್ದಳು, ಆ ಒಂದನ್ನೇ ಇವರು ಅಪರಾಧ ಮಾಡಿಟ್ಟರು. ಮುಂದೆ ನಿಂತ ಗಂಡಸೊಬ್ಬ ಬ್ರೇಕು ಹಾಕಿದಾಗಲೆಲ್ಲ ಅಗತ್ಯಕ್ಕಿಂತ ಹೆಚ್ಚು ವಾಲುತ್ತಿದ್ದ. ಬೇರೆ ದಿನವಾದರೆ ಅವಳು ಮುದುಡಿ ಜಾಗ ಬಿಡುತ್ತಿದ್ದಳು. ಇವತ್ತು ಚೀಲದ ಮೂಲೆಯನ್ನು ಅವನ ಪಕ್ಕೆಗೆ ತಾಗುವಂತೆ ಇಟ್ಟುಕೊಂಡು ಕಿಟಕಿಯ ಆಚೆ ನೋಡಿದಳು.

ಭಾನುವಾರ ಮಧ್ಯಾಹ್ನ ಅಪ್ಪ ಮಲಗಿದ್ದಾಗ ಅವಳು ಆಫೀಸಿನಿಂದ ತಂದ ಲ್ಯಾಪ್‌ಟಾಪ್ ತೆರೆದಿಟ್ಟು ಗೋಡೆಗೆ ಕಪ್ಪು ಟೇಪಿನಿಂದ ಒಂದು ಕೂಡಿಸುವ ಚಿಹ್ನೆ ಅಂಟಿಸಿದಳು. ಆಫೀಸಿನಲ್ಲಿ ಕೈನಡುಕವನ್ನು ಹಿಡಿದಿಡುವುದು ಹೀಗೆಯೇ: ಯಾರಾದರೂ ಫೋನು ಹಿಡಿದು ಆ ಗುರುತನ್ನು ಎರಡು ನಿಮಿಷ ಚಿತ್ರ ಮಾಡಬೇಕು, ಗುರುತು ಎಷ್ಟೆಷ್ಟು ಅಲ್ಲಾಡಿತು ಎಂದು ಕಂಪ್ಯೂಟರು ಹೆಜ್ಜೆ ಹೆಜ್ಜೆಯಾಗಿ ಬರೆದುಕೊಳ್ಳುತ್ತದೆ, ಆಮೇಲೆ ಆ ಅಲ್ಲಾಟವನ್ನು ಯಾವ ಚಿತ್ರಕ್ಕೆ ಬೇಕಾದರೂ ಹೊದಿಸಬಹುದು. ‘ಕಿರಣ್ ಓಟ’, ‘ಕಿರಣ್ ಮೆಟ್ಟಿಲು’, ‘ಕಿರಣ್ ಕುಡಿದದ್ದು’ ಎಂದು ಬೇಕಾದಷ್ಟು ನಡುಕಗಳು ಅಲ್ಲಿದ್ದವು. ಅವನ್ನು ಅಮ್ಮ ಬೀಳುವುದರ ಮೇಲೆ ಹೊದಿಸಲು ಅವಳಿಗೆ ಮನಸ್ಸು ಬರಲಿಲ್ಲ. ತನ್ನದೇ ನಡುಕ ಹಿಡಿದಳು. ಬೇಕೆಂದೇ ಅಲ್ಲಾಡಿಸಿದಳು. ಹೊದಿಸಿ ನೋಡಿದರೆ ಮೋಸ ಎದ್ದು ಕಾಣುತ್ತಿತ್ತು, ನಾಟಕದ ಹುಡುಗಿಯ ಅಳುವಿನ ಹಾಗೆ. ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಎಡಗೈಯಲ್ಲಿ ಲೋಟ, ಬಲಗೈ ಸೆರಗಿನಲ್ಲಿ.

“ಅಮ್ಮ, ಈ ಫೋನ್ ಸ್ವಲ್ಪ ಹಿಡ್ಕೊ. ಬಲಗೈಲಿ.”

“ಏನಕ್ಕೆ?”

“ಆಫೀಸ್ ಕೆಲ್ಸ. ಆ ಗುರ್ತು ಕಾಣೋ ಹಂಗೆ ಹಿಡ್ಕೊಂಡ್ರೆ ಸಾಕು.”

“ಈ ದರಿದ್ರದ ಕೈಯಲ್ಲಾ? ಚಿತ್ರ ಕೆಟ್ಟೋಗ್ತದೆ ಕಣೇ.”

“ಕೆಡ್ಲಿ. ಕೆಡಬೇಕು.”

ಇಂದ್ರಮ್ಮ ನಕ್ಕಳು. ಹದಿನೈದು ದಿನದಲ್ಲಿ ಮೊದಲ ಸಲ. “ಅಂತೂ ನನ್ ಕೈಗೂ ಒಂದ್ ಕೆಲ್ಸ ಸಿಕ್ತು ಬಿಡು” ಎಂದು ಸೆರಗಿನಿಂದ ಕೈ ತೆಗೆದು, ಮಗಳಿಗೆ ನೆರವಾಗಲೆಂದು ತನ್ನ ಶಕ್ತಿ ಮೀರಿ ಅಲ್ಲಾಡದಂತೆ ಹಿಡಿಯಲು ಹೆಣಗುತ್ತ, ತುಟಿ ಬಿಗಿದು, ಎರಡು ನಿಮಿಷ ಗೋಡೆಗೆ ಎದುರಾಗಿ ನಿಂತಳು. ಎಷ್ಟು ಹೆಣಗಿದರೆ ಅಷ್ಟು ನಡುಗಿತು. ಮಾಧವಿ ಕಾಫಿ ಕುಡಿಯುವ ನೆಪದಲ್ಲಿ ಮುಖ ಆಚೆ ತಿರುಗಿಸಿದಳು. ಅವತ್ತು ಪ್ಲಾಸ್ಟಿಕ್ಕಿನ ಆಚೆ ನಿಂತು ಅಮ್ಮನನ್ನು ತೆಗೆದುಕೊಂಡಿದ್ದೆ. ಇವತ್ತು ಮನೆಯೊಳಗೇ ನಿಂತು ತೆಗೆದುಕೊಳ್ಳುತ್ತಿದ್ದೇನೆ. ಅವತ್ತಾದರೂ ಗೊತ್ತಿರಲಿಲ್ಲ.

ನಡುಕ ಸೊಗಸಾಗಿ ಕೂತಿತು. ಯಾವ ಲೆಕ್ಕಕ್ಕೂ ಸಿಗದ, ಒಂದು ಸಲ ಬಂದಂತೆ ಇನ್ನೊಂದು ಸಲ ಬಾರದ ನಡುಕ. ಉಳಿದದ್ದು ಒಂದೇ: ಅದು ಎಲ್ಲಿಂದ ಶುರುವಾಗಬೇಕು? ಮೊದಲಿಂದಲೇ ನಡುಗಿದರೆ ಇವಳಿಗೆ ಮೊದಲೇ ಗೊತ್ತಿತ್ತೇನು ಎಂದಾರು. ಮಗಳು ತಾಯಿಯನ್ನು ಗುರುತಿಸಿದ ಗಳಿಗೆಯಿಂದ ಶುರುವಾಗಬೇಕು. ಅವಳು ಚಿತ್ರವನ್ನು ಒಂದೊಂದೇ ಹೆಜ್ಜೆ ಮುಂದೆ ತಳ್ಳುತ್ತ ಆ ಗಳಿಗೆಯನ್ನು ಹುಡುಕಿದಳು. ನೀಲಿ ಕೋಟು ಬಗ್ಗಿತು. ಇಲ್ಲಿ ಗುರುತಿಸಬಹುದಿತ್ತು, ಅಮ್ಮ ಬಗ್ಗುವಾಗ ಎಡಮೊಣಕಾಲಿನ ಮೇಲೆ ಕೈಯೂರುತ್ತಾಳೆ, ಈ ಕೋಟೂ ಊರಿದೆ. ಕೂತಿತು, ಇಲ್ಲಿಯಾದರೂ. ವಾಲಿತು. ಟೋಪಿ ಜಾರಿತು, ಜಡೆ. ಪ್ರತಿಯೊಂದು ಕಡೆಯೂ ನಿಲ್ಲಿಸಿ ನೋಡಿದಳು. ಪ್ರತಿಯೊಂದು ಕಡೆಯೂ ಅವಳ ನಿಜವಾದ ಕೈ ಬಂಡೆಯ ಹಾಗೆ ನಿಂತಿತ್ತು. ಕೊನೆಗೆ ಮೊಣಕಾಲಿನ ಮೇಲೆ ಕೈಯೂರಿದ ಕಡೆ ಗುರುತು ಹಾಕಿದಳು. ಒಳ್ಳೆಯ ಮಗಳೊಬ್ಬಳು ಅಲ್ಲಿ ಗುರುತಿಸುತ್ತಿದ್ದಳು. ತಾನು ಆಗದ ಆ ಮಗಳನ್ನು ತಾನೇ ಕೂತು ಮಾಡಿ ಮುಗಿಸಿದ ಮೇಲೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಅಳು ಬರಲಿಲ್ಲ.

ಸೋಮವಾರ ಅದೇ ಕೋಣೆ. ಮೇಲೆ ಫ್ಯಾನು, ಮೇಜಿನ ಮೇಲೆ ಮಾರಾಟಕ್ಕೆ ಹೋಗದೆ ಉಳಿದ ಗುಲಾಬಿಗಳ ಹೂದಾನಿ. ವೆಂಕಟರಮಣಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಕಿರಣ್ ಹೇಳಿಕೊಟ್ಟದ್ದನ್ನು ಮಾಧವಿ ಒಪ್ಪಿಸಿದಳು. ದನಿ ನಡುಗಿದ್ದು ಇವತ್ತು ಅನುಕೂಲಕ್ಕೇ ಬಂತು. ನೋಡುತ್ತ ನೋಡುತ್ತ ಅವರ ಮುಖ ಸಡಿಲಾಯಿತು.

“ಇದು ನೋಡಿ ಯತಿರಾಜ್” ಎಂದರು. “ಇದನ್ನ ಯಾವ ಕಂಪ್ಯೂಟ್ರೂ ಮಾಡಕ್ಕಾಗಲ್ಲ. ಪಾಪ, ಮಗು ಎಷ್ಟು ಹೆದರ್ಕೊಂಡಿದೆ. ಇಲ್ಲಿ ತಾಯಿ ಅಂತ ಗೊತ್ತಾಯ್ತು, ಅಲ್ವೇನಮ್ಮ? ಇಲ್ಲಿಂದ ಕೈ ನಿಲ್ತಾನೇ ಇಲ್ಲ.”

ಮಾಧವಿ ತಲೆಯಾಡಿಸಿದಳು. ಅವರ ಕಣ್ಣಿನಲ್ಲಿದ್ದ ವಾತ್ಸಲ್ಯವನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

ಯತಿರಾಜ್ ಗಡಿಯಾರ ನೋಡಿದ. ಅವನು ಸೋತವನ ಹಾಗೆ ಕಾಣಲಿಲ್ಲ, ಬೇರೆ ಕೆಲಸವಿದ್ದವನ ಹಾಗೆ ಕಂಡ. “ಸರಿ ಸಾರ್, ಬಾವುಟ ಒಂದೆರಡು ನಿಮಿಷ ಲೇಟಾಗಿರಬಹುದು. ಹುಡುಗರು ಅವಸರದಲ್ಲಿ ಮಾಡಿರ್ತಾರೆ. ಆ ಕ್ಷಮಾಪಣೆ ಲೆಟರ್ ಬೇಡ, ಬಿಟ್ಬಿಡಿ. ಇಂದ್ರಮ್ಮ, ನಾಳೆಯಿಂದ ಬನ್ನಿ ಕೆಲಸಕ್ಕೆ. ಆಗಬಾರದ್ದು ಏನೂ ಆಗಿಲ್ಲವಲ್ಲ, ಕಲ್ಲು ಹಂಗಿದ್ದೀರ. ಸಂಪೂರ್ಣ ಆರೋಗ್ಯವಾಗಿದ್ದೇನೆ, ಯಾವ ತೊಂದರೆಯೂ ಇಲ್ಲ ಅಂತ ಒಂದು ಸಾಲು ಬರ್ಸಿದೀನಿ. ಇದಕ್ಕೆ ಹಾಕಿ, ಮುಗೀತು.” ಡ್ರಾಯರಿನಿಂದ ಇನ್ನೊಂದು ಕಾಗದ ತೆಗೆದು ಮೇಜಿನ ಮೇಲೆ ಜಾರಿಸಿದ. ಅದೂ ತಮಿಳು. ಅದೂ ಮೊದಲೇ ಟೈಪಾಗಿತ್ತು.

ಇಂದ್ರಮ್ಮನ ಮುಖದಲ್ಲಿ ಬೆಳಕು ಬಂತು. ನುಗ್ಗಿದವಳಲ್ಲ ಎಂದಾಯಿತು; ಕೆಲಸವೂ ಉಳಿಯಿತು. “ಎಲ್ಲಿ ಹಾಕ್ಬೇಕು ಸಾಮಿ?” ಎಂದು ಎಡಗೈಯನ್ನು ಪೆನ್ನಿಗೆ ಚಾಚಿದಳು. ಎರಡು ಕಾಗದಗಳೂ ಒಂದೇ ಡ್ರಾಯರಿನಲ್ಲಿದ್ದವು, ಯಾವುದು ಬೇಕಾದರೂ ತೆಗೆಯಬಹುದಿತ್ತು, ಯಾವುದಕ್ಕೆ ಸಹಿ ಬಿದ್ದರೂ ಮದ್ದಿನ ಮಾತು ಅಲ್ಲಿಗೆ ಮುಗಿಯುತ್ತಿತ್ತು ಎಂಬುದೊಂದೇ ಮಾಧವಿಗೆ ಆಗ ಕಂಡದ್ದು.

“ಆ ನಡುಕ ನಂದಲ್ಲ” ಎಂದಳು.

ಮೂವರೂ ಅವಳ ಕಡೆ ತಿರುಗಿದರು. “ನಾನು ಆಮೇಲೆ ಹಾಕಿದ್ದು. ಮೊನ್ನೆ ತೋರ್ಸಿದ್ದೇ ಮೂಲ. ನನ್ ಕೈ ನಡುಗ್ಲಿಲ್ಲ.”

“ನೋಡಿ ಸಾರ್!” ಯತಿರಾಜ್ ಕುರ್ಚಿಯಿಂದ ಅರ್ಧ ಎದ್ದ. “ಬಾಯಿ ಬಿಟ್ಲು! ನಾನ್ ಮೊದಲೇ ಅಂದಿದ್ದೆ!”

ವೆಂಕಟರಮಣಪ್ಪ ಕನ್ನಡಕ ತೆಗೆದರು. ನಿಜವಾಗಿಯೂ ನೊಂದಿದ್ದರು. “ನನಗೇ ಸುಳ್ಳು ತೋರ್ಸಿದೆಯಾ ತಾಯಿ? ನಾನು ನಂಬಿದ್ನಲ್ಲಮ್ಮ.”

“ಮೊನ್ನೆ ನಿಜ ತೋರ್ಸಿದ್ನಲ್ಲ ಸಾರ್.” ದನಿ ಒಡೆಯುತ್ತಿತ್ತು, ತಮಿಳು ಪಾಠದ ದಿನದ ಹಾಗೆ, ಒಡೆದರೆ ಒಡೆಯಲಿ ಎಂದು ಹಾಗೇ ಬಿಟ್ಟಳು. “ಅದನ್ನ ಯಾಕ್ ನಂಬ್ಲಿಲ್ಲ? ಹೆಣ್ ಹುಡುಗಿ ಕೈ ನಡುಗಿಲ್ಲ ಅಂತ. ನಡುಗಿದ್ರೇ ನಿಜ ಅಂದ್ರಿ. ನಡುಗೋದು ನಮ್ಮನೇಲೇ ಇತ್ತು, ತೆಗ್ದು ಹಾಕ್ದೆ. ಕಂಪ್ಯೂಟ್ರು ಮಾಡಕ್ಕಾಗಲ್ಲ ಅಂದ್ರಲ್ಲ, ಹೌದು ಸಾರ್. ಕಂಪ್ಯೂಟ್ರು ಮಾಡಿದ್ದಲ್ಲ ಅದು. ಇವ್ರ ಮದ್ದು ಮಾಡಿದ್ದು.”

ಹೇಳಿಬಿಟ್ಟ ಮೇಲೆ ಅವಳಿಗೆ ಅಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ. ಗೋಡೆಯ ಮೇಲಿನ ಕಪ್ಪು ಗುರುತು, ಹೆಣಗುತ್ತ ಬಿಗಿದ ತುಟಿ, ಕೆಡ್ಲಿ ಎಂದ ತನ್ನ ಮಾತು, ಎಲ್ಲವೂ ಅಮ್ಮನಿಗೆ ಈಗ ತಿಳಿಯುತ್ತಿದೆ ಎಂದು ನೋಡದೆಯೇ ಗೊತ್ತಾಯಿತು. ಕೊಟ್ಟ ಮಾತು ಮುರಿದಾಗಿತ್ತು. ಕತ್ತರಿಯೂ ಹೋಯಿತು.

“ಯಾರ ಕೈ? ಏನ್ ನಡುಕ?” ಎಂದ ಯತಿರಾಜ್. “ಕಥೆ ಕಟ್ತಾಳೆ ಸಾರ್.”

ಇಂದ್ರಮ್ಮ ಮಗಳನ್ನು ನೋಡಿದಳು. ಆಮೇಲೆ ಪೆನ್ನನ್ನು ಮೇಜಿನ ಮೇಲಿಟ್ಟು, ಮಡಿಲಿನ ಚೀಲವನ್ನು ನೆಲಕ್ಕಿಳಿಸಿ, ಸೆರಗನ್ನು ಸರಿಸಿ, ಬಲಗೈಯನ್ನು ಹೊರಗೆ ತೆಗೆದು, ಸಂಪೂರ್ಣ ಆರೋಗ್ಯವಾಗಿದ್ದೇನೆ ಎಂದು ಬರೆದಿದ್ದ ಆ ಕಾಗದದ ಮೇಲೆ ಅಂಗೈ ಕೆಳಗಾಗಿ ಇಟ್ಟಳು. ಕಾಗದ ಸರಸರ ಎಂದಿತು.

“ಫ್ಯಾನ್ ಗಾಳಿ ಸಾರ್ ಅದು” ಎಂದ ಯತಿರಾಜ್.

ವೆಂಕಟರಮಣಪ್ಪ ಎದ್ದರು, ಬಾಗಿಲ ಪಕ್ಕದ ಗೋಡೆಯ ತನಕ ನಡೆದು ಸ್ವಿಚ್ಚು ಆರಿಸಿದರು. ಫ್ಯಾನಿನ ರೆಕ್ಕೆಗಳು ನಿಧಾನಕ್ಕೆ ಒಂದೊಂದಾಗಿ ಕಾಣಿಸಿಕೊಂಡು, ಇನ್ನೊಂದು ಸುತ್ತು ತೇಲಿ, ನಿಂತವು. ಇಂದ್ರಮ್ಮನ ಅಂಗೈಯಡಿ ಕಾಗದ ಇನ್ನೂ ಸದ್ದು ಮಾಡುತ್ತಲೇ ಇತ್ತು.